ಮುಖದ ಮಚ್ಚೆ ಮನೇಲೇ ತೆಗಿಬಹುದಾ? ಸುಣ್ಣ-ಸೋಡಾ ಹಚ್ಚಿ ನೋಡಿದವರು ಇದ್ರೆ ಹೇಳಿ

ಬೇಲೆಕೇರಿ ಗಾಳಿ

ಎಲ್ರಿಗೂ ನಮಸ್ಕಾರ, ನಾನು ಅಂಕೋಲಾ ಬದಿಯವಳು. ಮೇಲ್ತುಟಿ ಮೇಲೆ ಎಡಗಡೆಗೆ ನಂಗೊಂದು ಮಚ್ಚೆ ಅದೆ, ಸಣ್ಣಿರುವಾಗ ಚಪ್ಪಟೆ ಇತ್ತು, ಕಾಲೇಜಿಗೆ ಹೋಗೂಕೆ ಶುರು ಮಾಡಿದ ಮೇಲೆ ನಿಧಾನಕ್ಕೆ ಉಬ್ಬಿ ಬಂತು, ಈಗ ಅದರಲ್ಲಿ ಎರಡು ಕೂದಲು ಬೇರೆ. ನೋವಿಲ್ಲ, ತುರಿಕೆ ಇಲ್ಲ, ರಕ್ತ ಬಂದದ್ದೂ ಇಲ್ಲ. ಆದ್ರೆ ಮೇ ತಿಂಗಳಲ್ಲಿ ಅಕ್ಕನ ಮದುವೆ, ಫೋಟೋದಲ್ಲಿ ಮೊದ್ಲು ಕಣ್ಣಿಗೆ ಬೀಳೂದೇ ಅದು ಅಂತ ನಂಗೆ ಅನಿಸ್ತದೆ.

ದೊಡ್ಡಮ್ಮ ಹೇಳೂದು ಏನಂದ್ರೆ ಕವಳಕ್ಕೆ ಹಾಕೂ ಸುಣ್ಣ, ಬಟ್ಟೆ ಸೋಡಾ ಎರಡೂ ಸಮಸಮ ಕಲ್ಸಿ ಹಿಡಿಕಡ್ಡಿ ತುದಿಲಿ ಮಚ್ಚೆ ಮೇಲೆ ಮಾತ್ರ ಇಡೂದು, ಸ್ವಲ್ಪ ಉರಿತದೆ, ಆಮೇಲೆ ಕಪ್ಪಾಗಿ ಒಣಗಿ ತಾನೇ ಉದುರ್ತದೆ ಅಂತ. ಅವ್ರ ಕಾಲದಲ್ಲಿ ಎಷ್ಟೋ ಜನಕ್ಕೆ ಹಂಗೇ ತೆಗೆದದ್ದಂತೆ. ಯೂಟ್ಯೂಬಲ್ಲಿ ನೋಡಿದ್ರೆ ಬೆಳ್ಳುಳ್ಳಿ ಕಟ್ಟಿ ಮಲ್ಕೊಳ್ಳಿ, ಆಪಲ್ ಸೈಡರ್ ವಿನೆಗರ್ ಹತ್ತಿಲಿ ಅದ್ದಿ ಇಡಿ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಪ್ಪನ ಹತ್ರ ಡಾಕ್ಟರ್ ವಿಷಯ ತೆಗೆದ್ರೆ ಒಂದು ಮಚ್ಚೆಗೆ ಡಾಕ್ಟರಾ ಅಂತ ನಗ್ತಾರೆ. ನಿಜವಾಗಿ ಮಾಡಿ ನೋಡಿದವರು ಹೇಳಿ, ದಯವಿಟ್ಟು.

ಗದ್ದೆಬದಿ

ನಾನು ಮಾಡಿದ್ದೇನೆ, ನೂರಕ್ಕೆ ನೂರು ಹೋಗ್ತದೆ. ಕುತ್ತಿಗೆಲಿ ಅಂಗಿ ಕಾಲರ್ ಉಜ್ಜೂ ಜಾಗದಲ್ಲಿ ನಾಲ್ಕೈದು ಇದ್ವು, ಸಣ್ಣ ಸಣ್ಣದು, ಜೋತು ಬಿದ್ದಂತವು. ಸುಣ್ಣ-ಸೋಡಾ ಹಚ್ಚಿದೆ, ಎರಡಕ್ಕೆ ನಮ್ಮಜ್ಜಿ ರೇಷ್ಮೆ ದಾರ ಬಿಗಿದು ಕಟ್ಟಿದ್ಲು, ಎಲ್ಲಾ ಉದುರಿ ಹೋದ್ವು. ಕಲೆನೂ ಇಲ್ಲ. ಡಾಕ್ಟರಿಗೆ ದುಡ್ಡು ಕೊಡೂದು ಎಂತಕ್ಕೆ?

ತದಡಿ ಏಡಿ

ತಂಗಿ ತುಟಿ ಮೇಲಿನ ಮಚ್ಚೆ ಇದ್ದವರಿಗೆ ಊಟಕ್ಕೆ ಕಮ್ಮಿ ಆಗೂದಿಲ್ಲ ಅಂತ ಶಾಸ್ತ್ರ ಅದೆ, ತೆಗೆದು ಆಮೇಲೆ ಮೀನು ಸಿಗ್ಲಿಲ್ಲ ಅಂತ ನಮ್ಮನ್ನ ಬೈಬೇಡ.

ಸೊಪ್ಪಿನಬೆಟ್ಟ

ಶಿರಸಿ ಬದಿಂದ ಬರಿತಾ ಇದ್ದಿ. ತಂಗಿ, ಸುಣ್ಣದ್ದು ಒಂದು ಕಥೆ ಆದ್ರೆ ನಮ್ಮ ಬದಿಗೆ ಗೇರಿಂದು ಇನ್ನೊಂದು ಕಥೆ ಇದ್ದು. ಗೇರುಬೀಜದ ಸಿಪ್ಪೆ ಎಣ್ಣೆ, ಇಲ್ದಿದ್ರೆ ಕರಿಗೇರಿನ ಕಾಯಿ ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು ಅದರಿಂದ ಬಂದ ಎಣ್ಣೆ ಬಿಸಿ ಇರಕಾದ್ರೇ ಮುಟ್ಟಿಸದು. ಯನ್ನ ಚಿಕ್ಕಪ್ಪನ ಮಗಂಗೆ ಕೆನ್ನೆ ಮೇಲಿನ ಮಚ್ಚೆಗೆ ಹೀಂಗೆ ಮಾಡಿದ್ದ, ಯಾರು ಮಾಡಿದ್ದು ಹೇಳದು ಬ್ಯಾಡ. ಮಚ್ಚೆ ಇದ್ದಿದ್ದು ಒಂದು ಕಾಳಿನಷ್ಟು, ಸುಟ್ಟಿದ್ದು ಅರ್ಧ ಕೆನ್ನೆ. ಮಾರನೇ ದಿನ ಕಣ್ಣು ಮುಚ್ಚಿ ಹೋಪಷ್ಟು ಮುಖ ಊದಿ ನೀರುಗುಳ್ಳೆ ಎದ್ದು ರಸಿಗೆ ಸೋರಲೆ ಶುರುವಾತು. ಈಗ ಅವಂಗೆ ಮದುವೆಯಾಗಿ ಮಕ್ಕ ಇದ್ದೊ, ಆ ಜಾಗ ಇನ್ನೂ ಬಿಳಿ-ಕಪ್ಪು ಮಿಶ್ರ. ಮಚ್ಚೆ ಮಾತ್ರ ಮಧ್ಯದಲ್ಲಿ ಮತ್ತೆ ಬಂದು ಕುಂತಿದ್ದು! ತೋಟದ ಕಳೆ ಮೇಲಿಂದ ಕೊಯ್ದು ಬಿಟ್ಟಂಗೆ, ಬುಡ ಒಳಗೇ ಇದ್ರೆ ಚಿಗುರದೇಯ ಅಲ್ದ.

ಸಣ್ಣಿರಕಾದ್ರೆ ಬೇಸಿಗೆ ರಜೇಲಿ ಗೇರುಬೀಜ ಸುಟ್ಟು ಜಜ್ಜಿ ತಿಂದವ್ಕೆಲ್ಲ ಗೊತ್ತಿದ್ದು, ತುಟಿ ಸುತ್ತ ಕಪ್ಪಾಗಿ ಚರ್ಮ ಸುಲಿದು ಬರ್ತಿತ್ತು. ಅದೇ ಸೊನೆನ ಬೇಕು ಅಂತ ಮುಖಕ್ಕೆ ಹಚ್ಚದು ಎಂತಕ್ಕೆ ಹೇಳಿ ಯಂಗೆ ಅರ್ಥ ಆಗ್ತಿಲ್ಲೆ.

ಮದ್ದಿನಂಗ್ಡಿ ಮಾಣಿ

ಕುಮಟಾ ಬದಿ ಮೆಡಿಕಲ್ ಶಾಪ್ ಇಟ್ಕೊಂಡವ ನಾನು. ಈ ಪ್ರಶ್ನೆ ಅಂಗಡಿಗೆ ದಿನಾ ಬರ್ತದೆ, "ಮಚ್ಚೆ ಹೋಗೂ ಔಷಧಿ ಕೊಡಿ" ಅಂತ. ಅದಕ್ಕೆ ಮೊದ್ಲು ನಾನು ಕೇಳೂದು ತೋರ್ಸಿ ಅಂತ, ಯಾಕಂದ್ರೆ ಜನ ಮಚ್ಚೆ ಅನ್ನೂದು ಮೂರು ನಾಲ್ಕು ಬೇರೆ ಬೇರೆ ವಸ್ತುವಿಗೆ.

ಗದ್ದೆಬದಿ ಅಣ್ಣ, ನಿಂಗೆ ಇದ್ದದ್ದು ಮಚ್ಚೆ ಅಲ್ಲ. ಜೋತು ಬಿದ್ದದ್ದು, ಸಣ್ಣ ತೊಟ್ಟಿದ್ದದ್ದು, ಕುತ್ತಿಗೆ, ಕಂಕುಳು, ರೆಪ್ಪೆ ಹತ್ರ ಬರೂದು ಸ್ಕಿನ್ ಟ್ಯಾಗ್, ಬರೀ ಚರ್ಮದ ತುಣುಕು, ತೊಟ್ಟಿಗೆ ರಕ್ತ ನಿಂತ್ರೆ ಒಣಗಿ ಬೀಳ್ತದೆ, ಹಂಗಾಗಿ ದಾರ ಕಟ್ಟಿದ್ದು ಕೆಲಸ ಮಾಡ್ತು. ಇನ್ನು ಕೈಕಾಲಿಗೆ ಒರಟೊರಟು ಬರೂದು ನರಹುಲಿ, ಅದು ವೈರಸ್‌ದು, ಎಚ್‌ಪಿವಿ ಅಂತ. ಮಕ್ಕಳಿಗೆ ಬಂದ ನರಹುಲಿ ಬಹಳಷ್ಟು ಸಲ ಎರಡು ವರ್ಷದ ಒಳಗೆ ಏನೂ ಮಾಡ್ದೇನೇ ಹೋಗ್ತದೆ, ಅದಕ್ಕೇ ಉಪ್ಪು-ಮೆಣಸು ಹರಕೆ ಹೇಳ್ಕೊಂಡವರಿಗೂ ಹೋಯ್ತು, ಎಕ್ಕದ ಹಾಲು ಹಚ್ಚಿದವರಿಗೂ ಹೋಯ್ತು, ಮರ್ತು ಬಿಟ್ಟವರಿಗೂ ಹೋಯ್ತು. ವಯಸ್ಸಾದವರ ಕೆನ್ನೆ-ಹಣೆ ಮೇಲೆ ಅಂಟಿಸಿಟ್ಟ ಹಾಗೆ ಕಪ್ಪು ಕಪ್ಪು ಬರ್ತದಲ್ಲ, ಅದು ಇನ್ನೊಂದು ಜಾತಿ.

ತಂಗಿದು ಮಾತ್ರ ನಿಜವಾದ ಮಚ್ಚೆ ಅನಿಸ್ತದೆ. ಚರ್ಮಕ್ಕೆ ಬಣ್ಣ ಕೊಡೂ ಜೀವಕೋಶಗಳು ಒಂದೇ ಕಡೆ ಗುಂಪು ಕಟ್ಟಿದ್ದು ಅದು, ಉಬ್ಬಿದ ಮಚ್ಚೇಲಿ ಅವು ಒಳಚರ್ಮದ ತನಕ ಇಳಿದಿರ್ತವೆ. ದಾರ ಕಟ್ಟೂಕೆ ತೊಟ್ಟಿಲ್ಲ, ಮೇಲಿಂದ ಸುಟ್ರೆ ಒಳಗಿಂದು ಉಳಿತದೆ. ಅಜ್ಜಿ ಕುತ್ತಿಗೆ ತುಣುಕಿಗೆ ಮಾಡಿದ್ದು ಮೊಮ್ಮಗಳ ತುಟಿ ಮಚ್ಚೆಗೆ ಬರೂದಿಲ್ಲ.

ಆಣಿ, ನರಹುಲಿಗೆ ನಾವು ಸ್ಯಾಲಿಸಿಲಿಕ್ ಆ್ಯಸಿಡ್ ಇದ್ದ ಪೇಂಟ್, ಕಾರ್ನ್ ಪಟ್ಟಿ ಕೊಡ್ತೇವೆ. ಅದನ್ನ ಮಚ್ಚೆಗೆ, ಹುಟ್ಟುಗುರುತಿಗೆ, ಕೂದಲಿರೂ ಗಂಟಿಗೆ, ಮುಖಕ್ಕೆ ಹಚ್ಚೂಕಿಲ್ಲ, ಶುಗರ್ ಇದ್ದವರು ಕೇಳ್ದೇ ಹಚ್ಚೂಕೇ ಇಲ್ಲ. ಡಬ್ಬಿ ಒಳಗಿನ ಚೀಟಿಲೇ ಇದು ಅದೆ, ಯಾರೂ ಓದೂದಿಲ್ಲ, ಡಬ್ಬಿ ಬಿಚ್ಚಿ ಮೊದ್ಲು ಬಿಸಾಡೂದೇ ಅದನ್ನ.

ಗದ್ದೆಬದಿ

ಹಂಗಾದ್ರೆ ನಂದು ಮಚ್ಚೆನೇ ಅಲ್ವಾ. ಇಷ್ಟು ವರ್ಷ ಊರಿಡೀ ಹೇಳ್ಕೊಂಡು ಬಂದಿದ್ದೆ.

ಪಿಯು ಕೆಮಿಸ್ಟ್ರಿ

ನಾನು ಡಾಕ್ಟರಲ್ಲ, ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳೋನು, ಆದ್ರೆ ಸುಣ್ಣ-ಸೋಡಾ ಅಂದ ಕೂಡ್ಲೇ ಸುಮ್ನಿರೋಕಾಗ್ಲಿಲ್ಲ. ಕವಳದ ಸುಣ್ಣ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಬಟ್ಟೆ ಸೋಡಾ ಅಂದ್ರೆ ಸೋಡಿಯಂ ಕಾರ್ಬೊನೇಟ್. ಎರಡನ್ನೂ ಒದ್ದೆ ಮಾಡಿ ಕಲ್ಸಿದ್ರೆ ಆಗೋದು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತೆ ಸೋಡಿಯಂ ಹೈಡ್ರಾಕ್ಸೈಡ್. ಎರಡನೇದು ಗೊತ್ತಾಯ್ತಲ್ಲ, ಕಾಸ್ಟಿಕ್ ಸೋಡಾ. ಬ್ಲಾಕ್ ಆದ ಡ್ರೇನೇಜ್ ಪೈಪಿಗೆ ಸುರಿಯೋದು, ಸೋಪ್ ಮಾಡೋಕೆ ಎಣ್ಣೆಗೆ ಹಾಕೋದು ಅದನ್ನೇ. ಹಿಂದೆ ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡಾ ತಯಾರಿಸ್ತಾ ಇದ್ದದ್ದೂ ಇದೇ ಸುಣ್ಣ-ಸೋಡಾ ದಾರೀಲಿ. ಅಂದ್ರೆ ದೊಡ್ಡಮ್ಮ ಹಿಡಿಕಡ್ಡಿ ತುದಿಲಿ ಇಡೋದು ಅದೇ ಪೈಪ್ ಕ್ಲೀನರ್.

ಆ್ಯಸಿಡ್ ಬಿದ್ರೆ ಚರ್ಮದ ಪ್ರೋಟೀನ್ ಗಟ್ಟಿಯಾಗಿ ಒಂದು ಪದರ ಆಗುತ್ತೆ, ಅದು ಕೆಳಗೆ ಇಳಿಯೋದನ್ನ ಒಂದಷ್ಟು ತಡೆಯುತ್ತೆ. ಕ್ಷಾರ ಹಾಗಲ್ಲ, ಕೊಬ್ಬನ್ನೇ ಸೋಪ್ ಮಾಡ್ಕೊಂಡು, ಅಂಗಾಂಶ ಕರಗಿಸ್ಕೊಂಡು ಕೆಳಗೆ ಹೋಗ್ತಾ ಇರುತ್ತೆ. ಶುರುನಲ್ಲಿ ಉರಿ ಕಮ್ಮಿ ಇರಬಹುದು, ಅದಕ್ಕೇ ಜನ ಇನ್ನೂ ಸ್ವಲ್ಪ ಹೊತ್ತು ಇರಲಿ ಅಂತ ಬಿಡ್ತಾರೆ, ಗೊತ್ತಾಗೋ ಹೊತ್ತಿಗೆ ತೂತು ಬಿದ್ದಿರುತ್ತೆ. ಮಚ್ಚೆ ಎಲ್ಲಿಗೆ ಮುಗಿತು ಒಳ್ಳೆ ಚರ್ಮ ಎಲ್ಲಿಂದ ಶುರು ಅಂತ ಕಾಸ್ಟಿಕ್‌ಗೆ ಗೊತ್ತಿಲ್ಲ.

ಯಾರಾದ್ರೂ ಈಗಾಗ್ಲೇ ಹಚ್ಕೊಂಡು ಕೂತು ಇದನ್ನ ಓದ್ತಾ ಇದ್ರೆ ಎದ್ದು ಹೋಗಿ ನಲ್ಲಿ ನೀರಲ್ಲಿ ತೊಳಿರಿ, ಇಪ್ಪತ್ತು ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ, ಹರಿಯೋ ನೀರಲ್ಲಿ. ನಿಂಬೆಹಣ್ಣು ಹಿಂಡಿ ಸರಿ ಮಾಡ್ತೀನಿ ಅನ್ಬೇಡಿ. ಕಣ್ಣಿಗೆ ಹಾರಿದ್ರೆ ತೊಳಿತಾನೇ ಆಸ್ಪತ್ರೆಗೆ ಹೊರಡಿ.

ಬೇಲೆಕೇರಿ ಗಾಳಿ

ಅಯ್ಯೋ ಸರ್, ದೊಡ್ಡಮ್ಮಂಗೆ ಓದಿ ಹೇಳಿದೆ, ಪೈಪ್ ಕ್ಲೀನರ್ ಅಂದದ್ದಕ್ಕೆ ಸಿಟ್ಟು ಬಂದು ಒಳಗೆ ಹೋದ್ರು. ಹಂಗಾದ್ರೆ ವಿನೆಗರ್ ಪರವಾಗಿಲ್ವಾ? ಅದು ಅಡುಗೆಗೆ ಹಾಕೂದೇ ಅಲ್ವಾ?

ಒಪಿಡಿ ಅಕ್ಕ

ನಾನು ಮೂಲ ಕಾರವಾರ, ಈಗ ಹೊರಗಿನ ಊರಲ್ಲಿ ಚರ್ಮರೋಗ ವಿಭಾಗದಲ್ಲಿ ನರ್ಸ್. ತಂಗಿ, ಅಡುಗೆಗೆ ಹಾಕೋದು ಅಂದ ಮಾತ್ರಕ್ಕೆ ಮುಖಕ್ಕೆ ಕಟ್ಟಿಕೊಂಡು ರಾತ್ರಿ ಮಲಗೋದಾ? ಅಡುಗೇಲಿ ಒಂದು ಚಮಚ ಇಡೀ ಪಾತ್ರೆಗೆ ಹೋಗ್ತದೆ, ಇಲ್ಲಿ ಹತ್ತಿಲಿ ಅದ್ದಿ ಪ್ಲಾಸ್ಟರ್ ಹಾಕಿ ಗಂಟೆಗಟ್ಲೆ ಒಂದೇ ಜಾಗಕ್ಕೆ ಒತ್ತಿ ಹಿಡಿತಾರೆ. 2015ರಲ್ಲಿ ಅಮೆರಿಕದ ಚರ್ಮವೈದ್ಯರ ಒಂದು ಪತ್ರಿಕೇಲಿ ಒಂದು ಕೇಸ್ ಬಂದಿತ್ತು, 14 ವರ್ಷದ ಹುಡುಗಿ ಇಂಟರ್ನೆಟ್ ನೋಡಿ ಮೂಗಿನ ಮೇಲಿನ ಮಚ್ಚೆಗೆ ಆಪಲ್ ಸೈಡರ್ ವಿನೆಗರ್ ಹಚ್ಚಿ ಚರ್ಮ ಸುಟ್ಕೊಂಡಿದ್ದಳು. ಬೆಳ್ಳುಳ್ಳಿ ಜಜ್ಜಿ ಕಟ್ಟಿ ಗುಳ್ಳೆ ಎದ್ದವರನ್ನ ನಮ್ಮಲ್ಲೇ ನೋಡಿದ್ದೇನೆ.

ಸುಟ್ಟ ಗಾಯ ಹೇಗೂ ಮಾಯ್ತದೆ, ಕಲೆ ಉಳಿತದೆ, ನಮ್ಮ ಬಣ್ಣದ ಚರ್ಮಕ್ಕೆ ಕಪ್ಪು ಕಲೆ ತಿಂಗಳುಗಟ್ಲೆ ಇರ್ತದೆ, ಕೆಲವರಿಗೆ ಗಾಯಕ್ಕಿಂತ ದೊಡ್ಡದಾಗಿ ಗಂಟು ಬೆಳಿತದೆ, ಕೆಲಾಯ್ಡ್ ಅಂತಾರೆ, ಎದೆ, ಭುಜ, ಕಿವಿ, ದವಡೆ ಹತ್ರ ಜಾಸ್ತಿ. ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಎದ್ದಿದ್ರೆ ನಿಮ್ಮ ಚರ್ಮ ಅಂಥದ್ದು ಅಂತ ತಿಳ್ಕೊಳ್ಳಿ, ಏನೇ ಮಾಡ್ಸೋ ಮುಂಚೆ ಡಾಕ್ಟರಿಗೆ ಹೇಳಿ.

ಆದ್ರೆ ನಂಗೆ ಅದಕ್ಕಿಂತ ಹೆದರಿಕೆ ಇರೋದು ಬೇರೆ ವಿಷಯಕ್ಕೆ. ಮನೇಲಿ ಸುಟ್ಟ ಮಚ್ಚೆ ಏನಾಗಿತ್ತು ಅಂತ ಆಮೇಲೆ ಯಾರಿಗೂ ಹೇಳೋಕಾಗಲ್ಲ. ಆಸ್ಪತ್ರೇಲಿ ಸ್ವಲ್ಪ ಅನುಮಾನ ಇದ್ರೂ ತೆಗೆದದ್ದನ್ನ ಫಾರ್ಮಲಿನ್ ಬಾಟ್ಲಿಗೆ ಹಾಕಿ ಪೆಥಾಲಜಿಗೆ ಕಳಿಸ್ತೇವೆ, ಮೈಕ್ರೋಸ್ಕೋಪಲ್ಲಿ ನೋಡಿ ರಿಪೋರ್ಟ್ ಬರ್ತದೆ. ಅನುಮಾನ ಇದ್ದದ್ದನ್ನ ಲೇಸರಲ್ಲಿ ಸುಡೋದೂ ಇಲ್ಲ ಅದೇ ಕಾರಣಕ್ಕೆ, ಸುಟ್ರೆ ಕಳಿಸೋಕೆ ಏನೂ ಉಳಿಯಲ್ಲ. ಇನ್ನೊಂದು ಫಜೀತಿ, ಅರ್ಧ ಸುಟ್ಟ ಮಚ್ಚೆ ತಿರುಗಿ ಬರುವಾಗ ಅಂಕುಡೊಂಕಾಗಿ ಬಣ್ಣ ಬಣ್ಣವಾಗಿ ಬರ್ತದೆ, ನೋಡೋಕೂ ಮೈಕ್ರೋಸ್ಕೋಪಲ್ಲೂ ಕ್ಯಾನ್ಸರ್ ತರಾನೇ ಕಾಣ್ತದೆ. ಸಾದಾ ಮಚ್ಚೆ ಇದ್ದವಳು ಸುಮ್ಮನೆ ಮನೆಯವರ ನಿದ್ದೆ ಕೆಡಿಸಿ ದೊಡ್ಡ ಆಪರೇಷನ್ ತನಕ ಹೋಗಬೇಕಾಗ್ತದೆ.

ನಿಂದರ ಲಕ್ಷಣ ಕೇಳಿದ್ರೆ ಸಾದಾ ಮಚ್ಚೆ ತರಾನೇ ಅನಿಸ್ತದೆ, ಕೂದಲು ಬಂದ್ರೆ ಹೆದರೋ ಕಾರಣ ಇಲ್ಲ, ಕೀಳಬೇಡ, ಸಣ್ಣ ಕತ್ತರೀಲಿ ಕಟ್ ಮಾಡು ಅಷ್ಟೇ. ಆದ್ರೂ ನೋಡದೇ ನಾನು ಹೇಳಿದ್ದನ್ನ ಕೊನೇ ಮಾತು ಅಂತ ಇಟ್ಕೋಬೇಡ.

ಹೊನ್ನಾವರ ಪ್ಯಾಸೆಂಜರ್

ಆನ್‌ಲೈನಲ್ಲಿ ಮೋಲ್ ರಿಮೂವರ್ ಅಂತ ಸಣ್ಣ ಬಾಟ್ಲಿ, ಹಸಿರು ಬಣ್ಣದ ಚಿತ್ರ, ನ್ಯಾಚುರಲ್, ಹರ್ಬಲ್, ನೋವಿಲ್ಲ ಅಂತ ಬರ್ತದಲ್ಲ, ನಮ್ಮ ಅತ್ತಿಗೆ ತರ್ಸಿದ್ರು. ಬಾಟ್ಲಿ ತಿರುಗಿಸಿ ಮುರುಗಿಸಿ ನೋಡಿದ್ರೂ ಒಳಗೆ ಏನದೆ ಅಂತ ಬರೆದಿಲ್ಲ, ತಯಾರಕರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಜೊತೆಗೆ ಒಂದು ಪ್ಲಾಸ್ಟಿಕ್ ಕಡ್ಡಿ ಮತ್ತೆ ಉಗುರು ಉಜ್ಜೂ ಕಾಗದದ ತರ ಒಂದು ತುಂಡು, ಮೊದ್ಲು ಮಚ್ಚೆನ ಕೆರೆದು ಆಮೇಲೆ ಹಚ್ಚಿ ಅಂತ! ಹಚ್ಚಿದ ಜಾಗ ಕಪ್ಪಗೆ ಹಕ್ಕಳೆ ಕಟ್ತು, ಹಕ್ಕಳೆ ಬಿದ್ದ ಮೇಲೆ ಗುಳಿ. ಮಚ್ಚೆ ಇತ್ತು ಅಂತ ಯಾರೂ ನೋಡ್ತಿರ್ಲಿಲ್ಲ, ಈಗ ಎಲ್ರೂ ಏನಾಯ್ತು ಅಂತ ಕೇಳ್ತಾರೆ. ರಿವ್ಯೂ ಬರ್ದ್ರೆ ಅಂಗಡಿಯವ ಅಳಿಸಿ ಹಾಕ್ದ.

ಮದ್ದಿನಂಗ್ಡಿ ಮಾಣಿ

ಅಂಥ ಕೆಲವು ಕ್ರೀಮಲ್ಲಿ ಜಿಂಕ್ ಕ್ಲೋರೈಡ್, ಬ್ಲಡ್‌ರೂಟ್ ಅನ್ನೂ ಗಿಡದ ಸಾರ ಇರ್ತದೆ. ಬ್ಲಾಕ್ ಸಾಲ್ವ್ ಅಂತ ಹಳೇ ಹೆಸರು. ಎರಡೂ ಚರ್ಮ ಸಾಯ್ಸಿ ಹಕ್ಕಳೆ ಮಾಡೂದೇ. ಹಕ್ಕಳೆ ಬಿತ್ತು ಅಂದ್ರೆ ಬೇರು ಸಮೇತ ಬಂತು ಅಂತ ಜಾಹೀರಾತಲ್ಲಿ ತೋರಿಸ್ತಾರೆ, ಅದು ಸತ್ತ ಚರ್ಮ ಮಾತ್ರ. 2022ರ ಆಗಸ್ಟಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥದ್ದನ್ನ ಮಾರೂ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿ, ಮಚ್ಚೆ ಆಗ್ಲಿ ಸ್ಕಿನ್ ಟ್ಯಾಗ್ ಆಗ್ಲಿ ಮನೇಲಿ ತೆಗೆಯೂಕೆ ಡಾಕ್ಟರ್ ಚೀಟಿ ಇಲ್ದೆ ಮಾರೂ ಯಾವ ಔಷಧಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಹೇಳ್ತು. ನಮ್ಮಲ್ಲಿ ಅದೇ ಬಾಟ್ಲಿ ಹೆಸರು ಬದಲಿಸ್ಕೊಂಡು ಕೊರಿಯರಲ್ಲಿ ಹೊನ್ನಾವರ ತನಕ ಬರ್ತದೆ.

ಮತ್ತೆ ಅತ್ತಿಗೆ ಗಾಯಕ್ಕೆ ಮುರುಗಲ (ಕೋಕಂ) ತುಪ್ಪ ಹಚ್ಚಿದ್ರಾ? ಒಡೆದ ಹಿಮ್ಮಡಿಗೆ ಅದು ಬಹಳ ಒಳ್ಳೇದು, ನಾನೂ ಹಚ್ತೇನೆ, ಆದ್ರೆ ಹಸಿ ಸುಟ್ಟಗಾಯಕ್ಕೆ ಬೇಡ.

ಹೊನ್ನಾವರ ಪ್ಯಾಸೆಂಜರ್

ಹೌದು ಹಚ್ಚಿದ್ರು, ನಿಮಗೆ ಹ್ಯಾಂಗೆ ಗೊತ್ತಾತು.

ಮದ್ದಿನಂಗ್ಡಿ ಮಾಣಿ

ನಮ್ಮ ಜಿಲ್ಲೇಲಿ ಮುರುಗಲ ತುಪ್ಪ ಹಚ್ದೇ ಇರೂ ಗಾಯ ಯಾವ್ದು ಅದೆ ಹೇಳಿ.

ದೋಣಿಮನೆ

ಸುಮ್ನೆ ಓದ್ತಾ ಇದ್ದೆ, ಒಂದು ಕೇಳ್ಲಾ. ನಮ್ಮ ಅಪ್ಪಂಗೆ ಅರವತ್ತು ದಾಟಿದೆ, ಮೀನಿನ ಕೆಲಸ, ಜೀವಮಾನ ಪೂರ್ತಿ ಬರಿಗಾಲು. ಬಲಗಾಲ ಅಂಗಾಲಲ್ಲಿ ಹಿಮ್ಮಡಿ ಹತ್ರ ಒಂದು ಕಪ್ಪು ಕಲೆ ಬಂದದೆ, ಮೊದ್ಲು ಸಣ್ಣ ಇತ್ತು, ಆಣಿ ಇರ್ಬೇಕು ಅಂತ ಅಪ್ಪ ತಾನೇ ಬ್ಲೇಡಲ್ಲಿ ಹೆರೆದು ಹೆರೆದು ತೆಗಿತಾ ಇದ್ರು. ಈಗ ಅಗಲ ಆಗದೆ, ಒಂದು ಬದಿ ಕಪ್ಪು ಒಂದು ಬದಿ ಕಂದು, ನಡುವೆ ಸ್ವಲ್ಪ ಒದ್ದೆ ಒದ್ದೆ. ನೋವಿಲ್ಲ ಅಂತಾರೆ. ಇದಕ್ಕೂ ಕಾರ್ನ್ ಪಟ್ಟಿ ಹಾಕಬಹುದಾ?

ಒಪಿಡಿ ಅಕ್ಕ

ಅಣ್ಣ, ಪಟ್ಟಿ ಬೇಡ, ಬ್ಲೇಡ್ ಇವತ್ತೇ ನಿಲ್ಲಿಸಿ. ಈ ವಾರದೊಳಗೆ ಚರ್ಮದ ಡಾಕ್ಟರಿಗೆ ತೋರಿಸಿ, ಮುಂದಿನ ತಿಂಗಳು ಅಂತ ತಳ್ಳಬೇಡಿ.

ಹೆದರಿಸೋಕೆ ಹೇಳ್ತಿಲ್ಲ, ಅಂಗಾಲಲ್ಲಿ ಒತ್ತಿ ರಕ್ತ ಹೆಪ್ಪುಗಟ್ಟಿದ್ರೂ ಕಪ್ಪು ಕಾಣ್ತದೆ, ನರಹುಲೀಲೂ ಕಪ್ಪು ಚುಕ್ಕೆ ಇರ್ತವೆ. ಆದ್ರೆ ಮಚ್ಚೆ ಕ್ಯಾನ್ಸರ್, ಮೆಲನೋಮಾ ಅಂತಾರಲ್ಲ, ಅದು ಬಿಳಿಯರಿಗೆ ಬಿಸಿಲು ಬಿದ್ದ ಮೈಮೇಲೆ ಜಾಸ್ತಿ, ನಮ್ಮಂಥ ಬಣ್ಣದವರಿಗೆ ಒಟ್ಟಾರೆ ತೀರಾ ಅಪರೂಪ, ಬಂದ್ರೆ ಮಾತ್ರ ಅಂಗಾಲು, ಅಂಗೈ, ಉಗುರಿನ ಅಡಿಗೆ ಬರೋದು ಹೆಚ್ಚು. ಹಾಗಾಗಿ ಯಾರೂ ನೋಡೋದಿಲ್ಲ, ಆಣಿ ಅಂತಾರೆ, ಪೆಟ್ಟು ಬಿದ್ದದ್ದು ಅಂತಾರೆ. ಬಾಬ್ ಮಾರ್ಲಿ ಕೇಳಿದ್ದೀರಲ್ಲ, ಹಾಡುಗಾರ, ಗೋಕರ್ಣದ ಬೀಚ್ ಅಂಗಡಿಗಳಲ್ಲಿ ಟೀ ಶರ್ಟ್ ಮೇಲೆ ಇರ್ತಾನೆ. ಅವನಿಗೆ ಕಾಲ್ಬೆರಳ ಉಗುರಿನ ಅಡಿಗೆ ಬಂದದ್ದು ಇದೇ, 1977ರಲ್ಲಿ ಗೊತ್ತಾಗಿ 1981ರಲ್ಲಿ ತೀರ್ಕೊಂಡ, ಬರೀ 36 ವರ್ಷ.

ನೋವಿಲ್ಲ ಅನ್ನೋದನ್ನ ಸಮಾಧಾನ ಅಂತ ತಗೋಬೇಡಿ. ತೊಡೆ ಸಂದಿಲಿ ಗಂಟು ಏನಾದ್ರೂ ಕೈಗೆ ಸಿಗ್ತದಾ ಅಂತ ಡಾಕ್ಟರ್ ನೋಡ್ತಾರೆ, ಅಪ್ಪ ನಾಚ್ಕೊಂಡು ಬೇಡ ಅಂದ್ರೆ ನೀವೇ ಮೊದಲು ಹೇಳಿ ಒಪ್ಪಿಸಿ. ಬ್ಲೇಡಲ್ಲಿ ಎಷ್ಟು ಸಮಯದಿಂದ ಹೆರಿತಾ ಇದ್ರು ಅನ್ನೋದನ್ನ ಮುಚ್ಚಿಡಬೇಡಿ.

ಸೊಪ್ಪಿನಬೆಟ್ಟ

ದೋಣಿಮನೆ ತಮಾ, ಸುಮ್ನೆ ಹೋಗಿ ತೋರ್ಸಿಕ್ಕೆ ಬಾ. ಅಪ್ಪಯ್ಯ ಒಪ್ಪದಿದ್ರೆ ಶುಗರ್ ಚೆಕ್ ಮಾಡ್ಸಲೆ ಹೇಳಿ ಕರ್ಕಂಡು ಹೋಗು, ಅಲ್ಲಿಗೆ ಹೋದ ಮೇಲೆ ಕಾಲು ತೋರ್ಸಿದ್ರಾತು.

ತದಡಿ ಏಡಿ

ಎಲ್ಲಾ ಡಾಕ್ಟರ್ ಡಾಕ್ಟರ್ ಅಂತೀರಿ ಸರಿ, ಚರ್ಮದ ಡಾಕ್ಟರ್ ನಮ್ಮ ಬದಿ ಎಲ್ಲಿದ್ದಾರೆ ಮಾರಾಯ್ರೆ. ಒಂದು ಮಚ್ಚೆಗೆ ಒಂದಿನದ ಕೆಲಸ ಬಿಟ್ಟು, ಬಸ್ಸು ಹತ್ತಿ, ಇಲ್ಲ ಮಣಿಪಾಲ ಇಲ್ಲ ಗೋವಾ ಇಲ್ಲ ಹುಬ್ಬಳ್ಳಿ. ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಅಂತ 2022ರಲ್ಲಿ ಟ್ವಿಟರಲ್ಲಿ ಎಷ್ಟು ಕೂಗಿದ್ದಾಯ್ತು. ಜನ ಸುಣ್ಣ ಹಚ್ಚೂದು ಪೆದ್ದರು ಅಂತ ಅಲ್ಲ, ಸುಣ್ಣ ಕವಳದ ತಟ್ಟೆಲೇ ಅದೆ ಡಾಕ್ಟರ್ ಇಲ್ಲ, ಅದಕ್ಕೆ.

ಮದ್ದಿನಂಗ್ಡಿ ಮಾಣಿ

ಏಡಿ ಹೇಳೂದು ಸುಳ್ಳಲ್ಲ. ಅಂಗಡಿಗೆ ಬಂದವರಿಗೆ ನಾನು ಡಾಕ್ಟರಿಗೆ ತೋರ್ಸಿ ಅಂದ್ರೆ ಮೊದ್ಲು ಕೇಳೂದು ಎಷ್ಟಾಗ್ತದೆ ಅಂತಲ್ಲ, ಎಲ್ಲಿ ಅಂತ. ಆದ್ರೆ ಮಚ್ಚೆ ನೋಡ್ಸೂಕೆ ದೊಡ್ಡಾಸ್ಪತ್ರೆ ಬೇಕಂತಿಲ್ಲ. ಮೊದ್ಲು ತಾಲೂಕು ಆಸ್ಪತ್ರೆಲಿ ತೋರ್ಸಿ, ಅವರು ಬೇಕಾದ್ರೆ ಮುಂದೆ ಬರ್ಕೊಡ್ತಾರೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆಯಲ್ಲ, ಅಲ್ಲಿ ಚರ್ಮದ ವಿಭಾಗ ಯಾವ ದಿನ ಅಂತ ಫೋನ್ ಮಾಡಿ ಕೇಳ್ಕೊಂಡು ಹೋದ್ರೆ ಒಂದು ಸಲದಲ್ಲೇ ಆಗ್ತದೆ. ಊರಿಗೆ ವಾರಕ್ಕೊಮ್ಮೆ ಹೊರಗಿಂದ ಬರೂ ಡಾಕ್ಟರೂ ಇರ್ತಾರೆ, ಹತ್ರದ ಮೆಡಿಕಲ್ ಶಾಪಲ್ಲಿ ಕೇಳಿದ್ರೆ ದಿನ ಹೇಳ್ತಾರೆ.

ಅಡ್ಮಿನ್ ಕದ್ರಾ

ಆಸ್ಪತ್ರೆ ವಿಷಯ ಬೇರೆ ಚರ್ಚೆ ಇದೆ, ಅಲ್ಲಿ ಬರೀರಿ, ಇಲ್ಲಿ ಯಾವ ಪಕ್ಷ ಏನು ಮಾಡ್ತು ಅಂತ ಶುರುವಾದ್ರೆ ಮಚ್ಚೆ ಮರ್ತು ಹೋಗ್ತದೆ. ದೋಣಿಮನೆ, ಅಪ್ಪನ ಕಾಲಿನ ಫೋಟೋ ಹಾಕಿದ್ದನ್ನ ನಾನೇ ತೆಗೆದಿದ್ದೇನೆ, ಬೇಜಾರು ಬೇಡ. ಫೋಟೋ ನೋಡಿ ಯಾರೂ ಇಲ್ಲಿ ಔಷಧ ಹೇಳೋದು ಬೇಡ ಅಂತ.

ಪಿಯು ಕೆಮಿಸ್ಟ್ರಿ

ಒಪಿಡಿ ಅಕ್ಕ, ಯಾವ ಮಚ್ಚೆ ಬಿಟ್ಟಿರಬಹುದು ಯಾವುದು ತೋರಿಸ್ಲೇಬೇಕು ಅಂತ ಸ್ವಲ್ಪ ಹೇಳಿ. ಕ್ಲಾಸಲ್ಲಿ ಮಕ್ಕಳಿಗೂ ಹೇಳಬಹುದು.

ಒಪಿಡಿ ಅಕ್ಕ

ಸರ್, ನಾವು ಹೇಳೋದು ಹೀಗೆ. ನಡುವೆ ಗೆರೆ ಎಳೆದ್ರೆ ಎರಡು ಬದಿ ಒಂದೇ ತರ ಇಲ್ಲದ್ದು, ಅಂಚು ಹರಿದ ಹಾಗೆ ಇರೋದು, ಒಂದೇ ಮಚ್ಚೇಲಿ ಎರಡು ಮೂರು ಬಣ್ಣ, ಪೆನ್ಸಿಲ್ ಹಿಂದಿನ ರಬ್ಬರಿಗಿಂತ ಅಗಲ, ಅಂದ್ರೆ 6 ಮಿಲಿಮೀಟರ್ ಮೇಲೆ. ಇವೆಲ್ಲಕ್ಕಿಂತ ದೊಡ್ಡದು ಬದಲಾವಣೆ. ಹತ್ತು ವರ್ಷ ಸುಮ್ಮನಿದ್ದದ್ದು ಕೆಲವೇ ತಿಂಗಳಲ್ಲಿ ಬೆಳೀತು, ಬಣ್ಣ ಬದಲಾಯ್ತು, ತುರಿಸ್ತದೆ, ರಕ್ತ ಬರ್ತದೆ ಅಂದ್ರೆ ತೋರಿಸಿ. ನಲವತ್ತು ದಾಟಿದ ಮೇಲೆ ಹೊಸದಾಗಿ ಬಂದ ಮಚ್ಚೆ, ಮೈಮೇಲಿನ ಉಳಿದ ಮಚ್ಚೆಗಳ ನಡುವೆ ಒಂದೇ ಒಂದು ಬೇರೆ ತರ ಕಾಣೋದು, ಹುಟ್ಟಿನಿಂದಲೇ ದೊಡ್ಡದಾಗಿ ಇರೋದು, ಇವೂ ಅಷ್ಟೇ. ಅಂಗಾಲಿಂದು, ಉಗುರಲ್ಲಿ ಉದ್ದಕ್ಕೆ ಕಪ್ಪು ಪಟ್ಟೆ ಬಂದು ಅಗಲ ಆಗ್ತಾ ಹೋಗೋದು ಅಂತೂ ಮನೇಲಿ ಮುಟ್ಟಲೇಬಾರದು. ಫೋನಲ್ಲಿ ಒಂದು ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೆದಿಟ್ಕೊಂಡ್ರೆ ಬದಲಾಯ್ತೋ ಇಲ್ವೋ ಅಂತ ಜಗಳ ಇರಲ್ಲ.

ಮತ್ತೆ ಗದ್ದೆಬದಿ ಅಣ್ಣ, ಒಂದು ಮಾತು ಬಿಟ್ಟೋಯ್ತು. ಕುತ್ತಿಗೆ ಸುತ್ತ ಒಂದೇ ಸಲ ಅಷ್ಟು ಸ್ಕಿನ್ ಟ್ಯಾಗ್ ಬಂದಿದ್ವು ಅಂದ್ರಲ್ಲ, ಕುತ್ತಿಗೆ ಹಿಂದೆ ಚರ್ಮ ಕಪ್ಪಗೆ ದಪ್ಪ ಆಗಿದ್ಯಾ? ಉಜ್ಜಿದ್ರೂ ಹೋಗದ ಕೊಳೆ ತರ?

ಗದ್ದೆಬದಿ

ಹೌದು ಅಕ್ಕ ಅದೆ, ಹೆಂಡ್ತಿ ದಿನಾ ಬೈತಾಳೆ ಸರಿ ಸ್ನಾನ ಮಾಡೂದಿಲ್ಲ ಅಂತ.

ಒಪಿಡಿ ಅಕ್ಕ

ಸ್ನಾನದ್ದಲ್ಲ ಅಣ್ಣ, ಶುಗರ್ ಚೆಕ್ ಮಾಡಿಸಿ. ಎರಡೂ ಒಟ್ಟಿಗೆ ಇದ್ದವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇರೋದು ಜಾಸ್ತಿ. ಹೆಂಡತಿಗೂ ತೋರಿಸಿ ಇದನ್ನ.

ದೋಣಿಮನೆ

ಅಪ್ಪನ್ನ ಕರ್ಕೊಂಡು ಹೋಗಿ ಬಂದೆ. ಶುಗರ್ ಉಪಾಯನೇ ಮಾಡಿದ್ದು, ಸೊಪ್ಪಿನಬೆಟ್ಟ ಅಣ್ಣಂಗೆ ಥ್ಯಾಂಕ್ಸ್. ಡಾಕ್ಟರ್ ಒಂದು ಲೆನ್ಸ್ ಇಟ್ಟು ಬೆಳಕು ಹಾಕಿ ಬಹಳ ಹೊತ್ತು ನೋಡಿದ್ರು, ತೊಡೆ ಸಂದಿನೂ ನೋಡಿದ್ರು, ಗಂಟಿಲ್ಲ. ಮರಗಟ್ಟೂ ಇಂಜೆಕ್ಷನ್ ಕೊಟ್ಟು ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಏನು ಅಂತ ಈಗ್ಲೇ ಹೇಳೂಕಾಗೂದಿಲ್ಲ ರಿಪೋರ್ಟ್ ಬರ್ಲಿ ಅಂದ್ರು. ಬ್ಲೇಡ್ ವಿಷಯ ಕೇಳಿ ಅಪ್ಪಂಗೆ ಸರಿ ಬೈದ್ರು. ಅಪ್ಪ ಮನೆಗೆ ಬಂದು ಹೇಳೂದು, ಆ ಹುಡುಗಿ ಡಾಕ್ಟರ್ ನನ್ನ ಕಾಲನ್ನ ತನ್ನ ಮಡಿಲ ಮೇಲೆ ಇಟ್ಕೊಂಡು ನೋಡ್ತು, ನನ್ನ ಮಕ್ಕಳೂ ಇಟ್ಕೊಂಡಿಲ್ಲ ಅಂತ.

ಒಪಿಡಿ ಅಕ್ಕ

ಒಳ್ಳೇದಾಯ್ತು ಅಣ್ಣ. ಗಾಯ ಒದ್ದೆ ಆಗದ ಹಾಗೆ ನೋಡ್ಕೊಳ್ಳಿ, ಅಪ್ಪನ್ನ ಸ್ವಲ್ಪ ದಿನ ಮೀನಿನ ನೀರಿಗೆ ಇಳಿಸಬೇಡಿ. ರಿಪೋರ್ಟ್ ಬಂದ ಮೇಲೆ ಅದನ್ನ ಇಲ್ಲಿ ಹಾಕೋದು ಬೇಡ, ನಂಗೆ ಮೆಸೇಜ್ ಮಾಡಿ.

ಬೇಲೆಕೇರಿ ಗಾಳಿ

ನಾನೂ ಹೋಗಿ ಬಂದೆ, ಕಾರವಾರಕ್ಕೆ. ಅಪ್ಪನೇ ಬೈಕಲ್ಲಿ ಕರ್ಕೊಂಡು ಹೋದ್ರು, ದೋಣಿಮನೆ ಅಣ್ಣನ ವಿಷಯ ಓದಿ ಹೇಳಿದ ಮೇಲೆ ನಗೂದು ನಿಲ್ಸಿದ್ರು. ನನ್ನದು ಸಾದಾ ಮಚ್ಚೆನೇ ಅಂತೆ, ಒಳಚರ್ಮದಲ್ಲಿ ಇರೂದು, ತೆಗಿಲೇಬೇಕು ಅಂತಿಲ್ಲ. ಬೇಕಾದ್ರೆ ಇಂಜೆಕ್ಷನ್ ಕೊಟ್ಟು ರೇಡಿಯೋ ಫ್ರೀಕ್ವೆನ್ಸಿ ಅಂತ ಒಂದು ಮೆಷಿನ್ನಲ್ಲಿ ಚರ್ಮದ ಮಟ್ಟಕ್ಕೆ ಸವರಿ ತೆಗಿತೇವೆ, ಸ್ವಲ್ಪ ಹೊತ್ತಿನ ಕೆಲಸ, ಹೊಲಿಗೆ ಬೇಕಾಗೂದಿಲ್ಲ, ಆದ್ರೆ ತೆಳು ಗುರುತು ಉಳಿಬಹುದು, ಕೂದಲು ಮತ್ತೆ ಬರಬಹುದು ಅಂತ ಮೊದ್ಲೇ ಹೇಳಿದ್ರು. ಯೂಟ್ಯೂಬಲ್ಲಿ ಯಾರೂ ಕೂದಲು ಮತ್ತೆ ಬರ್ತದೆ ಅಂತ ಹೇಳಿರ್ಲಿಲ್ಲ. ಮದುವೆಗೆ ಮುಂಚೆ ಮಾಡ್ಸಿದ್ರೆ ಫೋಟೋ ಹೊತ್ತಿಗೆ ಕೆಂಪು ಇರ್ತದೆ, ಮೇ ಬಿಸಿಲಿಗೆ ಕಪ್ಪು ಕಲೆ ಕೂಡ ಆಗಬಹುದು, ಮದುವೆ ಮುಗಿಸ್ಕೊಂಡೇ ಬಾ ಅಂದ್ರು. ಹಂಗಾಗಿ ಮದುವೆಗೆ ಮಚ್ಚೆ ಇಟ್ಕೊಂಡೇ ಓಡಾಡೂದು.

ಎರಡು ಡೌಟ್ ಉಳ್ದದೆ. ಒಂದು, ಶಾಲೆ ದಾಖಲೆಲಿ ಗುರುತಿನ ಚಿಹ್ನೆ ಅಂತ ಇದೇ ಮಚ್ಚೆ ಬರ್ಸಿದ್ರು, ತೆಗೆದ್ರೆ ಮುಂದೆ ತೊಂದ್ರೆ ಆಗ್ತದಾ. ಎರಡು, ತೆಗೆದ ಮೇಲೆ ಬಿಸಿಲಿಗೆ ಏನು ಹಚ್ಚೂದು, ಮನೇಲಿ ಅಣ್ಣನ ಕ್ರಿಕೆಟ್ ಕಿಟ್ಟಲ್ಲಿ ಒಂದು ಸನ್‌ಸ್ಕ್ರೀನ್ ಅದೆ.

ಪಿಯು ಕೆಮಿಸ್ಟ್ರಿ

ಮೊದಲ್ನೇದಕ್ಕೆ ನಾನು ಹೇಳ್ತೀನಿ. ಆಧಾರ್‌ಗೆ ಬೆರಳಚ್ಚು, ಕಣ್ಣು, ಫೋಟೋ ತಗೊಳ್ತಾರೆ, ಮಚ್ಚೆ ಕೇಳಲ್ಲ. ಮುಂದೆ ಯಾವ ಫಾರ್ಮಲ್ಲಾದ್ರೂ ಗುರುತು ಕೇಳಿದ್ರೆ ಮೈಮೇಲೆ ಇರೋ ಇನ್ನೊಂದು ಬರಿ. ಮಚ್ಚೆ ತೆಗೆದ ಡಾಕ್ಟರ್ ಚೀಟಿ ಮಾತ್ರ ಎಸೀಬೇಡ, ಇಟ್ಕೋ.

ತದಡಿ ಏಡಿ

ತದಡಿಲಿ ನಮ್ಮ ಮಾಸ್ತರ್ರು ಇಡೀ ಕ್ಲಾಸಿಗೆ "ಬಲಗೈ ಮೇಲೆ ಮಚ್ಚೆ" ಅಂತ ಬರ್ದಿದ್ರು, ಇದ್ದವರಿಗೂ ಇಲ್ಲದವರಿಗೂ. ಯಾರಿಗೂ ಏನೂ ಆಗ್ಲಿಲ್ಲ.

ಗದ್ದೆಬದಿ

ಶುಗರ್ ಮಾಡ್ಸಿದೆ, ಬಾರ್ಡರಲ್ಲಿ ಅದೆ ಅಂದ್ರು. ಅನ್ನ ಕಮ್ಮಿ ಮಾಡು ನಡಿ ಅಂದ್ರು. ಹೆಂಡ್ತಿ ಸಾರಿ ಕೇಳಿಲ್ಲ ಇನ್ನೂ.

ಮದ್ದಿನಂಗ್ಡಿ ಮಾಣಿ

ತಂಗಿ, ಅಣ್ಣನ ಕಿಟ್ಟಲ್ಲಿದ್ದದ್ದು ಎಕ್ಸ್‌ಪೈರಿ ನೋಡು, ಡೇಟ್ ಇದ್ರೂ ಬಿಸಿಲಲ್ಲಿ ಕಾದು ಕಾದು ಹಾಳಾಗಿರ್ತದೆ, ಬೇಡ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿಂದು ಹೊಸದು ತಗೋ, ಹಕ್ಕಳೆ ತಾನಾಗಿ ಬಿದ್ದ ಮೇಲೆ ಹಚ್ಚೂಕೆ ಶುರು ಮಾಡು, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚು. ಹಕ್ಕಳೆ ಇರೂ ತನಕ ಡಾಕ್ಟರ್ ಬರೆದ ಮುಲಾಮು ಮಾತ್ರ, ಉಗುರಲ್ಲಿ ಕೀಳಬೇಡ, ದೊಡ್ಡಮ್ಮಂಗೂ ಮುಟ್ಟೂಕೆ ಕೊಡಬೇಡ.